ಲೋ ಡೋಸ್ ಸಿಟಿಯಲ್ಲಿ ಶ್ವಾಸಕೋಶದ ಗಂಟು ಸರಿಯಾಗಿ ಕಾಣುತ್ತದಾ?

ನಿಮ್ಮ ತಂದೆಯವರ ಶ್ವಾಸಕೋಶದಲ್ಲಿ ಸಣ್ಣ ಗಂಟು ಇದೆ, ಆರು ತಿಂಗಳು ಬಿಟ್ಟು ಮತ್ತೆ ಎದೆಯ ಸಿಟಿ ಸ್ಕ್ಯಾನ್ ಹೇಳಿದ್ದಾರೆ, ಚೀಟಿಯಲ್ಲಿ 'ಲೋ ಡೋಸ್' ಅಂತಿದೆ, ಚಿತ್ರ ಮಸುಕಾಗಲ್ವಾ ಅಂತ ಕೇಳಿದ್ದೀರಿ. ಗಂಟು ಕಾಣುತ್ತದೆ, ಹೆದರಬೇಡಿ. ನಾನು ಮಂಗಳೂರಿನಲ್ಲಿ ಸಿಟಿ ಟೆಕ್ನಿಷಿಯನ್, ದಿನಾ ಇದೇ ಕೆಲಸ.

ಡೋಸ್, ಅಂದರೆ ಎಕ್ಸ್‌ರೇ ವಿಕಿರಣದ ಪ್ರಮಾಣ, ಇಳಿಸಿದರೆ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಆಗುವುದು ನಿಜ. ನಾವು ಅದಕ್ಕೆ ನಾಯ್ಸ್ ಅನ್ನುತ್ತೇವೆ. ಆದರೆ ಡೋಸ್ ಅರ್ಧ ಆದರೆ ನಾಯ್ಸ್ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಅಷ್ಟೇ. ಮತ್ತೆ ಶ್ವಾಸಕೋಶದಲ್ಲಿ ಬಹುಪಾಲು ಗಾಳಿಯೇ. ಕಪ್ಪಿನ ನಡುವೆ ಬಿಳಿ ಗಂಟು ಎದ್ದು ಕಾಣುತ್ತದೆ. ಲಿವರ್ ಒಳಗಿನ ಗಂಟಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ. ಅಲ್ಲಿ ಗಂಟೂ ಸುತ್ತಲಿನ ಮಾಂಸವೂ ಒಂದೇ ಥರ ಬೂದು, ನಾಯ್ಸ್‌ನಲ್ಲಿ ಮುಳುಗಿ ಹೋಗುತ್ತದೆ.

ಮಾಮೂಲಿ ಎದೆಯ ಸಿಟಿಗೆ ಸುಮಾರು 5ರಿಂದ 7 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣ ಅಳೆಯುವ ಮಾನ), ಲೋ ಡೋಸ್‌ಗೆ ಸುಮಾರು 1.5. ಸುಮ್ನೆ ಮನೆಯಲ್ಲಿ ಕೂತರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ 2.4ರಷ್ಟು ಬರುತ್ತದೆ, ಅದು ಜಗತ್ತಿನ ಸರಾಸರಿ.

ಮೆಷಿನ್ ಕೂಡ ಜಾಣ. ಭುಜದ ಹತ್ತಿರ ಮೂಳೆ ಜಾಸ್ತಿ, ಅಲ್ಲಿ ಎಕ್ಸ್‌ರೇ ಟ್ಯೂಬಿನ ಕರೆಂಟ್ ಏರಿಸುತ್ತದೆ, ಅಂದರೆ ಡೋಸ್ ಏರುತ್ತದೆ. ಶ್ವಾಸಕೋಶಕ್ಕೆ ಬಂದಾಗ ತಾನೇ ಇಳಿಸುತ್ತದೆ. ತೆಳ್ಳಗಿನವರಿಗೆ ನಾವು ಟ್ಯೂಬಿನ ವೋಲ್ಟೇಜ್ 120 ಕೆವಿ (ಕಿಲೋವೋಲ್ಟ್) ಬದಲು 100 ಇಡುತ್ತೇವೆ. ಆಮೇಲೆ ಕಂಪ್ಯೂಟರ್ ನಾಯ್ಸ್ ಒರೆಸುತ್ತದೆ, ಹೊಸ ಮೆಷಿನ್‌ಗಳಲ್ಲಿ ಅದಕ್ಕೂ ಎಐ ಬಂದಿದೆ. ಅತಿಯಾಗಿ ಒರೆಸಿದರೆ ಚಿತ್ರ ಮೇಣ ಸವರಿದ ಹಾಗೆ ನುಣ್ಣಗಾಗುತ್ತದೆ. ನನಗಂತೂ ಸ್ವಲ್ಪ ಮರಳು ಇದ್ದರೇ ವಾಸಿ.

ಆದರೆ ಎಷ್ಟೋ ಸಲ ಡೋಸ್ ವ್ಯರ್ಥವಾಗುವುದು ಮಲಗಿಸುವುದರಲ್ಲಿ ಮಾರಾಯ್ರೇ. ಕೈ ತಲೆಯ ಮೇಲಕ್ಕೆ ಹೋಗಬೇಕು. ಪಕ್ಕದಲ್ಲೇ ಇದ್ದರೆ ಆ ಮೂಳೆಯನ್ನೂ ದಾಟಬೇಕು ಅಂತ ಮೆಷಿನ್ ಕರೆಂಟ್ ಏರಿಸುತ್ತದೆ. ಟೇಬಲ್ ಎತ್ತರ ತಪ್ಪಿ ಮೊದಲ ಅಳತೆ ಚಿತ್ರದಲ್ಲಿ ರೋಗಿ ಟ್ಯೂಬಿಗೆ ಹತ್ತಿರವಾದರೆ, ತೆಳ್ಳಗಿನವರೂ ದಪ್ಪ ಕಾಣುತ್ತಾರೆ, ಆಗಲೂ ಅಷ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಹೀಗೆ ಮಾಡಿ ಸೀನಿಯರ್ ಹತ್ತಿರ ಬೈಸಿಕೊಂಡಿದ್ದೇನೆ.

ಇನ್ನು ಉಸಿರು. ಒಮ್ಮೆ ಬಂಟ್ವಾಳ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಮೆಷಿನ್ 'ಉಸಿರು ಹಿಡಿಯಿರಿ' ಅಂದದ್ದು ಇಂಗ್ಲಿಷಿನಲ್ಲಿ. ಅವರು ಪಾಪ, ಯಾರೋ ಕರೆದರು ಅಂತ ತಲೆ ಎತ್ತಿ ನೋಡಿದರು. ಚಿತ್ರ ಅಲುಗಿ ಹೋಯಿತು, ಎರಡನೇ ಸಲ ತೆಗೆಯಬೇಕಾಯಿತು. ಉಳಿಸಿದ ಡೋಸ್ ಎಲ್ಲಾ ಅಲ್ಲಿಗೇ ಹೋಯಿತು. ಈಗ ನಾನು ಮೊದಲೇ ತುಳುವಿನಲ್ಲಿ ಹೇಳಿ, ಎರಡು ಸಲ ಉಸಿರು ಹಿಡಿಸಿ ನೋಡಿಯೇ ಒಳಗೆ ಕಳಿಸುವುದು.

ನಿಮ್ಮ ತಂದೆಯವರಿಗೂ ಮನೆಯಲ್ಲೇ ಹತ್ತು ಸೆಕೆಂಡ್ ಉಸಿರು ಹಿಡಿದು ಅಭ್ಯಾಸ ಮಾಡಿಸಿ. ಹಳೆಯ ಸಿಟಿಯ ಸಿಡಿ ತಪ್ಪದೆ ತನ್ನಿ, ಬರೀ ರಿಪೋರ್ಟ್ ಸಾಲದು. ಗಂಟು ಬೆಳೆದಿದೆಯಾ ಅಂತ ಚಿತ್ರಕ್ಕೆ ಚಿತ್ರ ಇಟ್ಟೇ ನೋಡಬೇಕು. ಮುಗಿದ ಮೇಲೆ ಡಿಎಲ್‌ಪಿ, ಅಂದರೆ ಇಡೀ ಸ್ಕ್ಯಾನಿನ ಡೋಸ್‌ಗೆ ಮೆಷಿನ್ ತೋರಿಸುವ ಅಂಕಿ, ಎಷ್ಟು ಬಂತು ಅಂತ ಕೇಳಿ. ಅದನ್ನು 0.014ರಿಂದ ಗುಣಿಸಿದರೆ ಎದೆಯ ಸಿಟಿಯ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ. 100 ಇದ್ದರೆ 1.4. ಕುತ್ತಿಗೆಯಲ್ಲಿ ಚೈನ್ ಇದ್ದರೆ ಮನೆಯಲ್ಲೇ ತೆಗೆದಿಟ್ಟು ಬನ್ನಿ.