ಕ್ವಾರಿಯ ಆಳವನ್ನು ನೀರಿನ ಮಟ್ಟದಿಂದ ಅಳೆಯಬೇಕು

ಮಾನ್ಯರೇ,

ಊರ ಪಕ್ಕದ ಕಲ್ಲು ಕ್ವಾರಿ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ, ಸುತ್ತಲಿನ ಕೊಳವೆಬಾವಿಗಳು ಬತ್ತುತ್ತಿವೆ ಎಂದು ಆನೇಕಲ್ ತಾಲ್ಲೂಕಿನಿಂದ ಬರೆದಿದ್ದೀರಿ. 60 ಅಡಿಗಿಂತ ಕೆಳಗೆ ಅಗೆಯಬಾರದೆಂದು ಗ್ರಾಮ ಪಂಚಾಯಿತಿ ಠರಾವು ಮಾಡಿದರೆ ಅಗೆತ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ.

ಠರಾವೊಂದರಿಂದಲೇ ಅಗೆತ ನಿಲ್ಲುವುದಿಲ್ಲ. ಕಟ್ಟಡ ಕಲ್ಲು, ಮರಳು, ಜಲ್ಲಿಗಳಂತೆ, ಕಾನೂನಿನ ಲೆಕ್ಕದಲ್ಲಿ ಉಪಖನಿಜ; 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ 15ನೇ ಸೆಕ್ಷನ್ ಅದರ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಅದರಂತೆ ಬಂದ 1994ರ ನಿಯಮಾವಳಿಯಡಿ ಗುತ್ತಿಗೆಯ ವ್ಯವಹಾರ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕೈಯಲ್ಲಿದ್ದು, ಆಳದ ಲೆಕ್ಕ ಅನುಮೋದಿತ ಕ್ವಾರಿ ಯೋಜನೆಯಲ್ಲಿರುತ್ತದೆ. 1952ರ ಗಣಿ ಕಾಯ್ದೆಯಲ್ಲಿ 6 ಮೀಟರ್ ಎಂಬ ಅಂಕಿ ಇದ್ದದ್ದು ನಿಜ, ಆದರೆ ಅದು ಸಣ್ಣ ಕ್ವಾರಿಗಳಿಗೆ ವಿನಾಯಿತಿ ಕೊಡುವ ಮಿತಿಯಾಗಿತ್ತೇ ಹೊರತು ನೀರಿನ ರಕ್ಷಣೆಗೆಂದು ಹಾಕಿದ ಗೆರೆಯಾಗಿರಲಿಲ್ಲ.

ಅಧಿಕಾರದ ಪ್ರಶ್ನೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ನೀವು ಬರೆದ 60 ಅಡಿ. ಬೆಂಗಳೂರಿನ ಸುತ್ತ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲ ಪದರದಲ್ಲೂ ಅದರ ಕೆಳಗೆ, ಬೋರ್ ಕೊರೆಯುವವರು ಗ್ಯಾಪ್ ಎನ್ನುವ ಬಿರುಕುಗಳಲ್ಲೂ ಇರುತ್ತದೆ. ದಿಣ್ಣೆಯ ಮೇಲಿನ ಬಂಡೆಯನ್ನು 60 ಅಡಿ ಒಡೆದರೂ ಪಕ್ಕದ ಹೊಲದ ಮಟ್ಟಕ್ಕೆ ಬಾರದಿರಬಹುದು. ಕೆರೆಯಂಚಿನಲ್ಲಿ 20 ಅಡಿಗೇ ನೀರು ಜಿನುಗಬಹುದು. ಒಂದು ದೊಡ್ಡ ಬಿರುಕು ಬಾಯಿ ತೆರೆದುಕೊಂಡರೆ, ಅದರ ಜಾಡಿನಲ್ಲಿರುವ ದೂರದ ಬಾವಿ ಬತ್ತಿ, ಕ್ವಾರಿಗೆ ತೀರ ಹತ್ತಿರದ್ದು ಹಾಗೇ ಉಳಿಯುವುದೂ ಉಂಟು. ಆದ್ದರಿಂದ ಮಿತಿಯನ್ನು ನೆಲದಿಂದ ಕೆಳಕ್ಕಲ್ಲ, ನೀರಿನಿಂದ ಮೇಲಕ್ಕೆ ಅಳೆಯಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕುಡಿಯುವ ನೀರಿನ ಸಂರಕ್ಷಿತ ವಲಯಗಳಲ್ಲಿ ಮಣ್ಣು, ಜಲ್ಲಿ ತೆಗೆಯುವುದಕ್ಕೆ ಹಾಕಿರುವ ಮಿತಿ ಇಂಥದ್ದೇ: ಅಂತರ್ಜಲ ಹಿಂದೆ ಏರಿದ್ದ ಗರಿಷ್ಠ ಮಟ್ಟಕ್ಕಿಂತ 4 ಅಡಿ ಮೇಲೆಯೇ ಅಗೆತ ನಿಲ್ಲಬೇಕು.

ನಮ್ಮಲ್ಲೂ ದಾರಿಯಿದೆ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಕಡಿಮೆಯ ಉಪಖನಿಜ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದಿತು. ಅಂತರ್ಜಲ ಮಟ್ಟವನ್ನು ಮುಟ್ಟಬಾರದು, ಮುಟ್ಟುವುದಾದರೆ ಮೊದಲೇ ಅಧ್ಯಯನ ನಡೆಸಿ ಅನುಮತಿ ಪಡೆಯಬೇಕು ಎಂಬ ಷರತ್ತು ಇಂಥ ಅನುಮತಿ ಪತ್ರಗಳಲ್ಲಿ ಸಾಮಾನ್ಯ. ನಿಮ್ಮ ಪತ್ರದ ಕೊನೆಯಲ್ಲಿ, ಏಪ್ರಿಲ್ ತಿಂಗಳಲ್ಲೂ ಕ್ವಾರಿಯ ತಳದಿಂದ ಡೀಸೆಲ್ ಪಂಪ್ ನೀರೆತ್ತಿ ರಸ್ತೆಬದಿಯ ಚರಂಡಿಗೆ ಬಿಡುತ್ತಿತ್ತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇಡೀ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಅದೇ. ಮಳೆಯಿಲ್ಲದ ದಿನಗಳಲ್ಲಿ ವಾರಗಟ್ಟಲೆ ಆ ಪಂಪ್ ಓಡುತ್ತಿದ್ದರೆ, ಅಗೆತ ನೀರಿನ ಮಟ್ಟವನ್ನು ಮುಟ್ಟಿದೆ ಎಂದು ಶಂಕಿಸಲು ಬಲವಾದ ಕಾರಣವಿದೆ. ಆನೇಕಲ್‌ನಲ್ಲಿ ಕೊಳವೆಬಾವಿ ಕೊರೆಸಲು ಅನುಮತಿ ಕೇಳಬೇಕಾದ ರೈತನ ಕಣ್ಣೆದುರೇ ಹೀಗೆ ನೀರು ಪೋಲಾಗುವುದನ್ನು ಯಾವ ಅಧಿಕಾರಿಯೂ ಸಹಿಸಬಾರದು.

ಮೊದಲು ಮಾಹಿತಿ ಹಕ್ಕಿನಡಿ ಕ್ವಾರಿ ಯೋಜನೆಯನ್ನೂ ಪರಿಸರ ಅನುಮತಿಯ ಷರತ್ತುಗಳನ್ನೂ ತರಿಸಿಕೊಳ್ಳಿ. ಕ್ವಾರಿಯ ನಾಲ್ಕೂ ದಿಕ್ಕಿನ ಕೆಲವು ತೆರೆದ ಬಾವಿಗಳಲ್ಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಮಕ್ಷಮದಲ್ಲಿ, ಬೇಸಿಗೆಯ ಕೊನೆಗೊಮ್ಮೆ, ಮುಂಗಾರು ಮುಗಿದ ಮೇಲೊಮ್ಮೆ ಭಾರ ಕಟ್ಟಿದ ಟೇಪು ಇಳಿಬಿಟ್ಟು ನೀರಿನ ಮಟ್ಟ ಅಳೆದು ಪಂಚಾಯಿತಿಯ ಪುಸ್ತಕದಲ್ಲಿ ಬರೆಸಿ. ಪಂಪ್ ಓಡಿದ ದಿನಗಳನ್ನೂ ಅದರಲ್ಲೇ ದಾಖಲಿಸಿ. ಈ ದಾಖಲೆಯ ಆಧಾರದಲ್ಲಿ, ಯಾವ ಷರತ್ತು ಎಲ್ಲಿ ಮುರಿದಿದೆ ಎಂದು ಹೆಸರಿಸುವ ಠರಾವನ್ನು ಗ್ರಾಮಸಭೆಯಲ್ಲಿ ಅಂಗೀಕರಿಸಿ ಜಿಲ್ಲಾಧಿಕಾರಿಗೂ ಗಣಿ ಇಲಾಖೆಗೂ ಕಳಿಸಿದರೆ, ಬರಿಯ 60 ಅಡಿಯ ಬೇಡಿಕೆಯಷ್ಟು ಸುಲಭವಾಗಿ ಅದನ್ನು ಬದಿಗಿಡಲಾಗದು.

ಕ್ವಾರಿ ಮುಗಿದ ಮೇಲೆ ಗುಂಡಿಯ ಗತಿಯೇನು ಎಂಬುದನ್ನೂ ಠರಾವಿನಲ್ಲಿ ಸೇರಿಸಿ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕ್ವಾರಿಗಳಿಗೆ ಬೆಂಗಳೂರಿನ ಕಸ ಹೋಗಿದೆ. ಬಿರುಕು ತೆರೆದಿರುವ ಗುಂಡಿಯಲ್ಲಿ ಕಸದ ರಸ ಇಳಿಯತೊಡಗಿದರೆ, ಉಳಿದಿರುವ ಬಾವಿಗಳ ನೀರನ್ನೂ ಕುಡಿಯುವಂತಿರುವುದಿಲ್ಲ. ಗುಂಡಿಗೆ ಕಸ ಸುರಿಯಬಾರದೆಂಬ ಬರಹದ ಭರವಸೆಯನ್ನು ಗುತ್ತಿಗೆ ನವೀಕರಣದ ಮೊದಲೇ ಕೇಳಿ ಪಡೆಯಿರಿ.

– ಸಂಪಾದಕರು