ಕೇಳಬೇಕೋ, ಸುಮ್ಮನಿರಬೇಕೋ?

ಪ್ರಶ್ನೆ: ತಮ್ಮನಿಗೆ 24 ವರ್ಷ. ಜೀವ ಕಳೆದುಕೊಳ್ಳಲು ಹೋಗಿ ಬದುಕುಳಿದು, ಹತ್ತು ದಿನದ ಹಿಂದೆ ಆಸ್ಪತ್ರೆಯಿಂದ ಬಂದಿದ್ದಾನೆ. ಅಮ್ಮ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದಾರೆ. ಪೊಲೀಸ್ ಕೇಸಿನ ಭಯಕ್ಕೆ ಅಪ್ಪ ಆ ಮಾತನ್ನೇ ಎತ್ತಗೊಡುವುದಿಲ್ಲ. ಈಗ ನಗುತ್ತಿದ್ದಾನೆ, ಖಿನ್ನತೆಯ ಮಾತ್ರೆ ಇನ್ನು ಸಾಕು ಅನ್ನುತ್ತಾನೆ. ಕೇಳಿದರೆ ಮತ್ತೆ ನೆನಪಿಸಿದಂತಾಗುತ್ತದೆಯೇ?
– ಒಬ್ಬ ಅಕ್ಕ, ಹಾವೇರಿ ಜಿಲ್ಲೆ

ಉತ್ತರ: ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅದನ್ನು ಒಬ್ಬನೇ ಒಳಗಿಟ್ಟುಕೊಂಡು ಓಡಾಡುವುದರಲ್ಲೇ ಅಪಾಯ ಜಾಸ್ತಿ. ಇಬ್ಬರೇ ಇರುವಾಗ, ಸೊಪ್ಪು ಬಿಡಿಸುತ್ತಲೋ ನಡೆದಾಡುತ್ತಲೋ, ನೇರವಾಗಿ ಕೇಳಿ: ‘ಈಗಲೂ ಸಾಯಬೇಕು ಅನ್ನಿಸುತ್ತಾ? ಇವತ್ತು ಅನ್ನಿಸಿತ್ತಾ?’ ‘ಇನ್ನು ಹಾಗೆಲ್ಲ ಮಾಡಿಕೊಳ್ಳಲ್ಲ ತಾನೇ?’ ಅಂತ ಮಾತ್ರ ಬೇಡ. ಅದಕ್ಕೆ ‘ಇಲ್ಲ’ ಅನ್ನದೆ ಅವನಿಗೆ ಬೇರೆ ದಾರಿಯಿಲ್ಲ. ಹೌದು ಅಂದರೆ ಬುದ್ಧಿ ಹೇಳಬೇಡಿ, ಅಮ್ಮನ ಕಣ್ಣೀರು ನೆನಪಿಸಬೇಡಿ. ‘ಹೇಳಿದೆಯಲ್ಲ, ಒಳ್ಳೇದಾಯ್ತು. ಯಾವ ಹೊತ್ತಲ್ಲಿ ಜಾಸ್ತಿ ಕಾಡುತ್ತೆ?’ ಅನ್ನಿ. ಒಮ್ಮೆ ಕೇಳಿ ಬಿಡುವುದಲ್ಲ, ಆಗಾಗ ಕೇಳುತ್ತಿರಿ.

ಅಮ್ಮನ ಸಂಕಟ ಅರ್ಥವಾಗುತ್ತದೆ. ಆದರೆ ಆಣೆ ಯೋಚನೆಯನ್ನು ತಡೆಯುವುದಿಲ್ಲ, ಬಾಯಿ ಕಟ್ಟುತ್ತದೆ. ‘ಆಣೆ ಗೀಣೆ ಬೇಡ ಮಗಾ, ಹಾಗನ್ನಿಸಿದರೆ ನಡುರಾತ್ರಿಯಾದರೂ ನನ್ನನ್ನು ಎಬ್ಬಿಸು’ ಎಂದು ಅಮ್ಮನೇ ಹೇಳಲಿ.

ಆಸ್ಪತ್ರೆಯಿಂದ ಬಂದ ಮೊದಲ ಮೂರು ತಿಂಗಳು, ಅದರಲ್ಲೂ ಮೊದಲ ವಾರಗಳು, ತುಂಬ ನಾಜೂಕು. ನಗು ನೋಡಿ ಎಚ್ಚರ ತಪ್ಪಬೇಡಿ. ಖಿನ್ನತೆಯ ಮಾತ್ರೆ ಪೂರ್ತಿ ಹಿಡಿಯಲು ಕೆಲವು ವಾರಗಳೇ ಬೇಕು. ನಿಮ್ಮ ತಮ್ಮನ ವಯಸ್ಸಿನವರಲ್ಲಿ ಶುರುವಿನಲ್ಲಿ ಚಡಪಡಿಕೆ, ನಿದ್ದೆಗೇಡು ಹೆಚ್ಚಾಗಿ ಸಾವಿನ ಯೋಚನೆ ಬಲವಾಗುವುದೂ ಉಂಟು. ಹಾಗೇನಾದರೂ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ನೀವೇ ಮಾತ್ರೆ ನಿಲ್ಲಿಸಬೇಡಿ. ಒಂದು ವಾರಕ್ಕಾಗುವಷ್ಟೇ ಬರೆದುಕೊಡಲು ಕೇಳಿ, ನಿಮ್ಮ ಬಳಿಯೇ ಇಟ್ಟುಕೊಂಡು ಆಯಾ ದಿನದ್ದನ್ನು ಕೊಡಿ.

ಮನೆಮಂದಿಯ ಉಳಿದ ಮಾತ್ರೆಗಳೂ ಬೀಗದೊಳಗಿರಲಿ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಾಗಲಿ ಹೊಲದ ಶೆಡ್ಡಿನಲ್ಲಾಗಲಿ ಇರಕೂಡದು. ಇರುವುದನ್ನು ನಂಬಿಕಸ್ಥರ ಬಳಿ ಬೀಗ ಹಾಕಿ ಇಡಿಸಿ, ಸಿಂಪಡಿಸುವ ಕೆಲಸ ಬೇರೆಯವರಿಗೆ ಕೊಡಿ. ಸಾಯಲೇಬೇಕೆನ್ನಿಸುವ ಆ ತೀವ್ರ ಗಳಿಗೆ ಅನೇಕರಲ್ಲಿ ಬೇಗ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಕುಡಿತ ಮನಸ್ಸಿನ ತಡೆಯನ್ನು ಕಿತ್ತುಹಾಕುತ್ತದೆ, ಅದನ್ನೂ ದೂರವಿಡಿ. ಇದನ್ನೆಲ್ಲ ಕದ್ದುಮುಚ್ಚಿ ಮಾಡದೆ, ಯಾಕೆಂದು ಅವನಿಗೇ ಹೇಳಿ ಮಾಡಿ.

ಹಗಲಿಡೀ ಕಣ್ಣಿಟ್ಟು ಕೂತರೆ ಅವನಿಗೆ ಉಸಿರುಕಟ್ಟುತ್ತದೆ. ಬಾಗಿಲು ಮುಚ್ಚಿಕೊಳ್ಳಲಿ, ಚಿಲಕ ಹಾಕುವುದು ಬೇಡ ಎಂಬಂಥ ಒಪ್ಪಂದ ಮಾಡಿಕೊಳ್ಳಿ. ಸಮಾಧಾನದಿಂದಿರುವ ದಿನ ನೋಡಿ ಅವನ ಕೈಯಲ್ಲೇ ಒಂದು ಹಾಳೆ ಬರೆಸಿ: ಮನಸ್ಸು ಕೆಡುತ್ತಿದೆ ಎಂದು ಯಾವುದರಿಂದ ಗೊತ್ತಾಗುತ್ತದೆ (ಊಟ ಬಿಡುವುದು, ಫೋನ್ ಆಫ್ ಮಾಡುವುದು), ಆಗ ತಾನೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಕೊನೆಗೆ ವೈದ್ಯರ ನಂಬರ್. ‘ಯೋಗ ಮಾಡುತ್ತೇನೆ’ ಅಂತ ನಿಮಗಾಗಿ ಬರೆದರೆ ಉಪಯೋಗವಿಲ್ಲ. ಕೆರೆ ಏರಿ ಮೇಲೆ ಗೆಳೆಯನ ಜೊತೆ ಒಂದು ಸುತ್ತು ಅಂತ ಬರೆದರೆ ಅದು ನಡೆಯುತ್ತದೆ. ಹಾಳೆಯ ಫೋಟೊ ಇಬ್ಬರ ಫೋನಿನಲ್ಲೂ ಇರಲಿ.

ಅಪ್ಪನಿಗೆ ತಿಳಿಸಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ, ಶಿಕ್ಷೆಗಲ್ಲ, ಆರೈಕೆಗೆ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ನೆಂಟರು ಕೇಳಿದರೆ ‘ಹುಷಾರಿರಲಿಲ್ಲ, ಸುಧಾರಿಸಿಕೊಳ್ತಿದ್ದಾನೆ’ ಅಂದರೆ ಸಾಕು.

ವೈದ್ಯರು ಕೊಟ್ಟ ಮುಂದಿನ ದಿನಾಂಕ ತಪ್ಪಿಸಬೇಡಿ, ಜೊತೆಗೆ ನೀವೂ ಹೋಗಿ. ಯಾವಾಗ, ಹೇಗೆ ಎಂಬ ಮಾತು ಅವನ ಬಾಯಲ್ಲಿ ಬಂದರೆ ಕ್ಷಣವೂ ಒಂಟಿಯಾಗಿ ಬಿಡದೆ, 108 ಅಥವಾ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದು ಅವನಿಗಷ್ಟೇ ಅಲ್ಲ. ನಿದ್ದೆಗೆಟ್ಟು ಕಾಯುತ್ತಿರುವ ನೀವೂ ಈ ವಾರವೇ ಒಮ್ಮೆ ಕರೆ ಮಾಡಿ.