ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಅಪರೂಪದ ರೈಲು ಡಬ್ಬಿ ನೋಡಬೇಕಂದ್ರೆ ಎಲ್ಲಿ, ಯಾವಾಗ ನಿಲ್ಲಬೇಕು?

ಯಾವ ಸ್ಟೇಷನ್, ಯಾವ ಹೊತ್ತು, ಎಷ್ಟು ಜೂಮ್ ಇರುವ ಕ್ಯಾಮೆರಾ. ನೀವು ಕೇಳಿದ್ದು ಇದನ್ನೇ. ನಾನು ಕಾಲೇಜಿನಲ್ಲಿದ್ದಾಗ ಎಲ್ಲರನ್ನೂ ಕೇಳುತ್ತಿದ್ದದ್ದೂ ಇದನ್ನೇ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ: ಕ್ಯಾಮೆರಾ ಈಗಲೇ ತಗೋಬೇಡಿ. ನನ್ನ ಕೈಯಲ್ಲಿದ್ದ ಜೂಮ್‌ನಿಂದಲೇ ನಾನು ಒಂದು ಡಬ್ಬಿ ಕಳಕೊಂಡೆ.

ಮನೆ ಕೊಪ್ಪಳದಲ್ಲಿ, ಓದು ಬಳ್ಳಾರಿಯಲ್ಲಿ. ವಾರದ ಕೊನೆಗೆ ಊರಿಗೆ ಬಂದರೆ ನಾನು ಮನೆಯಲ್ಲಿ ಇರುತ್ತಿದ್ದದ್ದಕ್ಕಿಂತ ಸ್ಟೇಷನ್ನಿನಲ್ಲಿ ಇರುತ್ತಿದ್ದದ್ದೇ ಜಾಸ್ತಿ. ಆಗ ಈ ಕಡೆ ಒಂದೇ ಲೈನು. ಎದುರಿಂದ ಗಾಡಿ ಬರುತ್ತಿದೆ ಅಂದ್ರೆ ಪ್ಯಾಸೆಂಜರ್ ಗಾಡಿ ಕೊಪ್ಪಳದಲ್ಲಿ ಸುಮ್ನೆ ನಿಂತಿರುತ್ತಿತ್ತು, ಜನ ಇಳಿದು ಚಹಾ ಕುಡಿದು, ಮಂಡಾಳ ಮಿರ್ಚಿ ತಿಂದು, ಮತ್ತೆ ಹತ್ತುತ್ತಿದ್ದರು. ಹಾಗೆ ಕ್ರಾಸಿಂಗಿಗೆ ನಿಂತಿದ್ದ ಒಂದು ಪ್ಯಾಸೆಂಜರ್‌ನಲ್ಲಿ, ಹಿಂದಿನಿಂದ ಮೂರನೆಯದು, ಬೇರೆ ಥರದ ಡಬ್ಬಿ ಇತ್ತು. ಬಣ್ಣ ಅದೇ ನೀಲಿ. ಕಿಟಕಿಗಳು ಮಾತ್ರ ಪಕ್ಕದ ಡಬ್ಬಿಗಳ ಹಾಗಿರಲಿಲ್ಲ, ಒಂದಕ್ಕೊಂದು ನಡುವಿನ ಅಂತರವೇ ಬೇರೆ.

ನಾನು ಪ್ಲಾಟ್‌ಫಾರಮ್ಮಿನ ತುದಿಗೆ ಓಡಿದೆ. ಇಡೀ ಡಬ್ಬಿ ಒಂದೇ ಫೋಟೋದಲ್ಲಿ ಬರಬೇಕು ಅನ್ನೋ ಹಟ. ದೂರದಿಂದ, ಜೂಮ್ ಹಾಕಿ, ಬಿಸಿಲು ಕಣ್ಣಿಗೆ ಬೀಳದ ಕಡೆ ಸರಿದು, ಮತ್ತೆ ಸರಿದು, ತೆಗೆದಿದ್ದೇ ತೆಗೆದಿದ್ದು. ಎದುರಿನ ಗಾಡಿ ಬಂತು, ಸಿಗ್ನಲ್ ಬಿತ್ತು, ಪ್ಯಾಸೆಂಜರ್ ಹೊರಟಿತು.

ರಾತ್ರಿ ಮನೆಯಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ಕಿಟಕಿಯ ಒಳಗೆ ಉದ್ದಕ್ಕೂ ಓಣಿ, ಓಣಿಯ ಆಚೆ ಪಕ್ಕಕ್ಕೆ ಜಾರುವ ಬಾಗಿಲು, ಬಾಗಿಲ ಮೇಲೆ ಇಂಗ್ಲಿಷಿನ 'ಸಿ' ಅಕ್ಷರ. ಆ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಸೀಟಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು, ಅದರ ಮೇಲೆ ಯಾರದೋ ಹಸಿಮೆಣಸಿನಕಾಯಿ ಮೂಟೆ. ನಾನು ಅದನ್ನು ಸಲೂನ್, ಅಂದ್ರೆ ರೈಲ್ವೆ ಅಧಿಕಾರಿಗಳು ತಪಾಸಣೆಗೆ ಓಡಾಡುವ ಡಬ್ಬಿ, ಅಂದುಕೊಂಡೆ, ಗೆಳೆಯರಿಗೆಲ್ಲ ಹಾಗೇ ಹೇಳಿದೆ.

ನಮ್ಮ ಓಣಿಯಲ್ಲಿ ರೈಲ್ವೆಯ ಕ್ಯಾರೇಜ್ ವಿಭಾಗದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬ ಕಾಕಾ ಇದ್ದರು. ಫೋಟೋ ನೋಡಿದ ಕೂಡಲೇ "ಇದು ಸಲೂನ್ ಅಲ್ಲ ತಮ್ಮಾ, ಹಳೇ ಫಸ್ಟ್ ಕ್ಲಾಸ್" ಅಂದರು. ಎಸಿ ಇಲ್ಲದ ಹಳೇ ಫಸ್ಟ್ ಕ್ಲಾಸ್ ಡಬ್ಬಿಯ ದರ್ಜೆ ಇಳಿಸಿ, ಜನರಲ್ ಡಬ್ಬಿ ಮಾಡಿ ಪ್ಯಾಸೆಂಜರ್‌ಗೆ ಹಾಕಿದ್ದಾರೆ. ಕೋಣೆಗಳಿಗೆ ಎ, ಬಿ, ಸಿ ಅಂತ ಅಕ್ಷರ ಇರುವುದು ಫಸ್ಟ್ ಕ್ಲಾಸಿನಲ್ಲೇ. ನಾಲ್ಕು ಜನ ಮಲಗುವ ಕೋಣೆ, ಇಬ್ಬರೇ ಮಲಗುವ ಕೂಪೆ, ಒಂದು ಪಕ್ಕ ಓಣಿ. ಅದಕ್ಕೇ ಡಬ್ಬಿಯ ಒಂದು ಬದಿಯ ಕಿಟಕಿಗೂ ಇನ್ನೊಂದು ಬದಿಯ ಕಿಟಕಿಗೂ ಹೊಂದುವುದಿಲ್ಲ. ಇಷ್ಟೆಲ್ಲ ಹೇಳಿ ಆಮೇಲೆ ಕೇಳಿದರು: "ನಂಬರ್ ಎಷ್ಟೈತಿ?"

ನಂಬರ್ ಇರಲಿಲ್ಲ. ಒಂದು ಫೋಟೋದಲ್ಲಿ ನಂಬರ್ ಬರೆದಿರುವ ಮೂಲೆಗೆ ಕಂಬ ಅಡ್ಡ, ಇನ್ನೊಂದರಲ್ಲಿ ಚಹಾದ ಗಾಡಿ ಅಡ್ಡ, ಉಳಿದವುಗಳಲ್ಲಿ ಅಷ್ಟು ದೂರದಿಂದ ಅಂಕಿ ಎಲ್ಲ ಕಲಸಿಹೋಗಿತ್ತು.

ಇದನ್ನು ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಇದನ್ನೇ ಮಾಡುವ ಲಕ್ಷಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಡಬ್ಬಿಯ ನಂಬರ್ ಅಂದ್ರೆ ಬರೀ ಕ್ರಮಸಂಖ್ಯೆ ಅಲ್ಲ. ಹಳೇ ಡಬ್ಬಿಗಳಿಗೆ ಐದು ಅಂಕಿ. ಮೊದಲ ಎರಡು, ಅದು ತಯಾರಾದ ವರ್ಷ. ಉಳಿದ ಮೂರರಲ್ಲಿ ಅದು ಯಾವ ಥರದ ಡಬ್ಬಿ ಅನ್ನೋದು ಇರುತ್ತದೆ: 201ರಿಂದ 400ರ ತನಕ ಸ್ಲೀಪರ್, 401ರಿಂದ 600 ಜನರಲ್, 051ರಿಂದ 100 ಟೂ ಟೈರ್ ಎಸಿ, 101ರಿಂದ 150 ತ್ರೀ ಟೈರ್ ಎಸಿ, 701ರಿಂದ 800 ಗಾರ್ಡ್ ಮತ್ತು ಲಗೇಜ್ ಇರುವ ಡಬ್ಬಿ. ಅಂದ್ರೆ 08245 ಅಂತ ಕಂಡರೆ 2008ರ ಸ್ಲೀಪರ್. ಅದು ಪ್ಯಾಸೆಂಜರ್ ಗಾಡಿಯಲ್ಲಿ ಜನರಲ್ ಆಗಿ ಓಡುತ್ತಿದ್ದರೆ, ಅಲ್ಲೇ ಒಂದು ಕಥೆ ಸಿಕ್ಕಿತು ಅಲ್ವಾ? ಹೊಸ ಡಬ್ಬಿಗಳಿಗೆ ಆರು ಅಂಕಿ ಬಂದಿವೆ, ಅಲ್ಲೂ ಮೊದಲ ಎರಡು ವರ್ಷವೇ. ನಂಬರಿನ ಜೊತೆ ಅದು ಯಾವ ರೈಲ್ವೆಯದ್ದು, ಅಂದ್ರೆ ಯಾವ ವಲಯದ್ದು, ಅನ್ನೋ ಅಕ್ಷರಗಳೂ ಇರುತ್ತವೆ. ಇನ್ನು ಎರಡು ಡಬ್ಬಿ ಸೇರುವ ಕಡೆಯ ಗೋಡೆಯಲ್ಲಿ ಕೊನೆಯ ದೊಡ್ಡ ರಿಪೇರಿ ಯಾವ ವರ್ಕ್‌ಶಾಪಿನಲ್ಲಿ ಆಯಿತು, ಮುಂದಿನದಕ್ಕೆ ಯಾವಾಗ ವಾಪಸ್ ಹೋಗಬೇಕು ಅಂತ ತಾರೀಖು ಬರೆದಿರುತ್ತಾರೆ.

ನಂಬರ್ ಒಂದಿದ್ದಿದ್ದರೆ ಆ ಡಬ್ಬಿ ಯಾವ ವರ್ಷದ್ದು, ಯಾವ ರೈಲ್ವೆಯಿಂದ ನಮ್ಮ ಕಡೆ ಬಂತು, ವರ್ಕ್‌ಶಾಪಿಗೆ ಮತ್ತೆ ಯಾವಾಗ ಹೋಗಬೇಕಿತ್ತು, ಎಲ್ಲ ಗೊತ್ತಾಗುತ್ತಿತ್ತು. ಆಮೇಲೆ ಅದು ಬೇರೆ ಗಾಡಿಯಲ್ಲಿ ಕಂಡರೂ ಅದೇ ಇದು ಅಂತ ಹೇಳಬಹುದಿತ್ತು. ಈಗ ನನ್ನ ಹತ್ತಿರ ಇರುವುದು ಮೆಣಸಿನಕಾಯಿ ಮೂಟೆಯ ಒಂದು ಫೋಟೋ. ಗಾಡಿ ಅಷ್ಟು ಹೊತ್ತು ನಿಂತಿತ್ತು, ನಾಲ್ಕು ಹೆಜ್ಜೆ ಹತ್ತಿರ ಹೋಗಿ ಓದಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದರೂ ಸಾಕಿತ್ತು. ಜೂಮ್ ಇದ್ದಿದ್ದಕ್ಕೇ ನಾನು ದೂರ ನಿಂತೆ. ಅದೇ ಡಬ್ಬಿ ಮತ್ತೆ ಸಿಗಲಿ ಅಂತ ಆಮೇಲೆ ಬಹಳ ಕಾಲ ಕಾದೆ. ಸಿಗಲಿಲ್ಲ.

ಹಾಗಾಗಿ "ಅಪರೂಪದ ಡಬ್ಬಿ ಎಲ್ಲಿ ಸಿಗುತ್ತೆ" ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಊರಿಗೆ ದಿನಾ ಬರುವ ಒಂದು ಗಾಡಿ ಹಿಡಿಯಿರಿ. ಹಂಪಿ ಎಕ್ಸ್‌ಪ್ರೆಸ್ ಆಗಬಹುದು, ಹರಿಪ್ರಿಯಾ ಆಗಬಹುದು, ಹುಬ್ಬಳ್ಳಿ ಕಡೆಯ ಒಂದು ಪ್ಯಾಸೆಂಜರ್ ಆಗಬಹುದು. ಎಂಜಿನ್ನಿನಿಂದ ಬಾಲದ ತನಕ ಯಾವ ಡಬ್ಬಿ ಆದಮೇಲೆ ಯಾವುದು ಅಂತ ಬಾಯಿಪಾಠ ಆಗುವಷ್ಟು ನೋಡಿ. ಮನೆಯ ಅಕ್ಕಿಯಲ್ಲಿ ಕಲ್ಲು ಕಾಣುವ ಹಾಗೆ, ಆಮೇಲೆ ಬೇರೆ ಥರದ್ದೊಂದು ಬಂದರೆ ತಾನಾಗೇ ಕಣ್ಣಿಗೆ ಬೀಳುತ್ತದೆ. ದಿನದ ಗಾಡಿಯೇ ಗೊತ್ತಿಲ್ಲದವನ ಮುಂದೆ ಸಲೂನ್ ಹೋದರೂ ಅದೂ ಒಂದು ಡಬ್ಬಿ ಅಷ್ಟೇ.

ಇನ್ನೊಂದು ಮಾತು. ನೀವು "ಬರೀ ಹಳೇ ನೀಲಿ ಡಬ್ಬಿ ಬರ್ತವೆ, ಬೋರ್" ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಬೇಜಾರಾಯಿತು. ಆ ನೀಲಿ ಡಬ್ಬಿಗಳ ವಿನ್ಯಾಸ ಚೆನ್ನೈನ ಪೆರಂಬೂರಿನ ಐಸಿಎಫ್ ಕಾರ್ಖಾನೆಯದ್ದು. 1955ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ತಂತ್ರಜ್ಞಾನದಿಂದ ಶುರುವಾದದ್ದು, 2018ರ ಜನವರಿಯಲ್ಲಿ ಆ ಥರದ ಕೊನೆಯ ಡಬ್ಬಿ ಅಲ್ಲಿಂದ ಹೊರಬಂತು. ಡಬ್ಬಿಯ ಆಯಸ್ಸು ಸುಮಾರು 25 ವರ್ಷ. ಲೆಕ್ಕ ನೀವೇ ಹಾಕಿ. ಜಾಗಕ್ಕೆ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬರುತ್ತಿವೆ, ಪ್ಯಾಸೆಂಜರ್‌ಗಳು ಮೆಮು, ಅಂದ್ರೆ ಬೇರೆ ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ತಾನೇ ಓಡುವ ಗಾಡಿ, ಆಗುತ್ತಿವೆ. ಹಳೇ ಡಬ್ಬಿ, ಎಲ್‌ಎಚ್‌ಬಿ ಎರಡನ್ನೂ ಬಣ್ಣದಿಂದ ಗುರುತಿಸಬೇಡಿ, ಬಣ್ಣ ಯಾವಾಗ ಬೇಕಾದರೂ ಬದಲಾಗುತ್ತದೆ. ಡಬ್ಬಿ ಡಬ್ಬಿ ಸೇರುವ ಜಾಗ ನೋಡಿ. ಎರಡು ದುಂಡು ಬಫರ್ (ಧಕ್ಕೆ ತಡೆಯುವ ಕಬ್ಬಿಣದ ತಟ್ಟೆ), ನಡುವೆ ತಿರುಪಿನ ಕೊಂಡಿ ಇದ್ದರೆ ಹೆಚ್ಚಿನ ಮಟ್ಟಿಗೆ ಹಳೆಯದು. ಬಫರ್ ಇಲ್ಲದೆ ನಡುವೆ ಒಂದೇ ದಪ್ಪ ಕೊಂಡಿ ಕೈ ಹಿಡಿದ ಹಾಗಿದ್ದರೆ ಹೆಚ್ಚಾಗಿ ಎಲ್‌ಎಚ್‌ಬಿ. ಎಲ್‌ಎಚ್‌ಬಿ ಹಳೆಯದಕ್ಕಿಂತ ಎರಡು ಮೀಟರಿಗೂ ಸ್ವಲ್ಪ ಹೆಚ್ಚು ಉದ್ದ. ಅದಕ್ಕೇ ಹಳೇ ಸ್ಲೀಪರಿನಲ್ಲಿ 72 ಬರ್ತ್, ಇದರಲ್ಲಿ 80. ಇವತ್ತು ಬೋರ್ ಅನ್ನಿಸುವ ನೀಲಿ ಡಬ್ಬಿಯ ನಂಬರ್ ಬರೆದಿಡಿ. ಇನ್ನು ಕೆಲವೇ ವರ್ಷಗಳಲ್ಲಿ ಜನ ಹುಡುಕಿಕೊಂಡು ಬರುವುದು ಅದನ್ನೇ.

ಸಲೂನ್ ನೋಡಲೇಬೇಕು ಅಂದ್ರೆ ಬಾಲದ ಕಡೆ ನಿಲ್ಲಿ. ಎಲ್ಲರೂ ಎಂಜಿನ್ ಬರುವ ಕಡೆ ಓಡುತ್ತಾರೆ. ತಪಾಸಣೆಯ ಡಬ್ಬಿಯನ್ನು ಸಾಮಾನ್ಯವಾಗಿ ಕೊನೆಗೆ ಜೋಡಿಸುತ್ತಾರೆ, ಹಿಂದಿನ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿ ಇರುತ್ತದೆ, ಅಧಿಕಾರಿಗಳು ಅಲ್ಲಿ ಕೂತು ಹಿಂದೆ ಸರಿಯುವ ಹಳಿ ನೋಡುತ್ತಾ ಹೋಗುತ್ತಾರೆ. ರೈಲ್ವೆಯ ಜನರಲ್ ಮ್ಯಾನೇಜರ್ ವರ್ಷಕ್ಕೊಮ್ಮೆ ತಪಾಸಣೆಗೆ ಬರುವಾಗಲೂ ಇಂಥ ವಿಶೇಷ ಗಾಡಿ ಬರುತ್ತದೆ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಜೋಡಿ ಮಾರ್ಗ, ಹೊಸ ಮಾರ್ಗ ಅಂತ ಇಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಲೈನನ್ನೇ ನೋಡಿ. ಯಾವುದೇ ಹೊಸ ಲೈನಿನಲ್ಲಿ ಜನರ ಗಾಡಿ ಓಡುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರೀಕ್ಷೆ ಮಾಡಲೇಬೇಕು, ವೇಗದ ಪರೀಕ್ಷೆಯೂ ಆಗುತ್ತದೆ. ಆ ದಿನ ಹಳಿಯ ಹತ್ತಿರ ಬರಬೇಡಿ ಅಂತ ಮೊದಲೇ ಪೇಪರಿನಲ್ಲಿ ಪ್ರಕಟಣೆ ಕೊಡುತ್ತಾರೆ. ಸಲೂನ್ ಬರುವ ದಿನ ಮುಂಚೆ ಗೊತ್ತಾಗುವುದು ಹೆಚ್ಚಾಗಿ ಹೀಗೇ. ವಾಟ್ಸಾಪಿನಲ್ಲಿ ಬರುವ "ಇವತ್ತು ಸಲೂನ್ ಬರ್ತಿದೆಯಂತೆ" ನಂಬಿ ಓಡಬೇಡಿ. ಜಿಲ್ಲಾ ಪುಟದ ಮೂಲೆಯ ಪ್ರಕಟಣೆ ಓದಿ.

ರಾಯಚೂರಿನ ವಿಷಯ ಬೇರೆ. ಬ್ರಿಟಿಷರ ಕಾಲದ ಎರಡು ರೈಲು ಕಂಪನಿಗಳು, ಮುಂಬೈ ಕಡೆಯ ಜಿಐಪಿ ರೈಲ್ವೆಯೂ ಮದ್ರಾಸ್ ರೈಲ್ವೆಯೂ, 1871ರಲ್ಲಿ ಬಂದು ಸೇರಿದ್ದು ಅಲ್ಲೇ, ಇವತ್ತಿಗೂ ಅದು ಮುಂಬೈ–ಚೆನ್ನೈ ಮುಖ್ಯ ಮಾರ್ಗ. ಬೇರೆ ಬೇರೆ ರೈಲ್ವೆಗಳ ಡಬ್ಬಿ ಒಂದೇ ಕಡೆ ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಈ ಮೂರು ಜಿಲ್ಲೆಯಲ್ಲಿಲ್ಲ. 2024ರ ಮಾರ್ಚ್‌ನಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಕೂಡ ಅಲ್ಲಿ ನಿಲ್ಲುತ್ತದೆ, ಆದ್ರೆ ಅದನ್ನು ಯಾರು ಬೇಕಾದರೂ ನೋಡಬಹುದು. ನೀವು ಗೂಡ್ಸ್ ಅಂತ ಮುಖ ತಿರುಗಿಸುವ ಕಾರು ಸಾಗಿಸುವ ಗಾಡಿಗಳನ್ನು ನೋಡಿ. ಅವುಗಳಲ್ಲಿ ಹಲವಕ್ಕೆ ಕಿಟಕಿ ಇದ್ದ ಜಾಗದಲ್ಲಿ ತಗಡು ಬಡಿದಿರುತ್ತಾರೆ, ಕಾರು ಹತ್ತಿಸೋಕೆ ಡಬ್ಬಿಯ ತುದಿಯಲ್ಲೇ ಬಾಗಿಲು. ಅವು ಜನರನ್ನು ಹೊತ್ತು ನಿವೃತ್ತಿಯಾದ ಹಳೇ ಡಬ್ಬಿಗಳು. ತಗಡಿನ ಮೇಲೆ ಹಳೇ ಕಿಟಕಿಯ ಚೌಕಟ್ಟಿನ ಗುರುತು ಸಂಜೆಯ ಓರೆ ಬಿಸಿಲಿಗೆ ಚೆನ್ನಾಗಿ ಎದ್ದು ಕಾಣುತ್ತದೆ.

ವಿಸ್ಟಾಡೋಮ್‌ಗೆ ಬಳ್ಳಾರಿಯಲ್ಲಿ ಕಾಯಬೇಡಿ. ಗಾಜಿನ ಚಾವಣಿಯ ಆ ಡಬ್ಬಿ 2021ರ ಜುಲೈನಿಂದ ಯಶವಂತಪುರ–ಮಂಗಳೂರು ಗಾಡಿಗಳಲ್ಲಿದೆ. ಟಿಕೆಟ್ ತಗೊಂಡು ಸಕಲೇಶಪುರದ ಘಾಟಿನಲ್ಲಿ ಕೂತು ನೋಡುವಂಥದ್ದು ಅದು. ಐಷಾರಾಮಿ ಗಾಡಿ ಬೇಕಂದ್ರೆ ಚಳಿಗಾಲದಲ್ಲಿ ಹೊಸಪೇಟೆ. 2008ರಲ್ಲಿ ಶುರುವಾದ ನೇರಳೆ ಬಣ್ಣದ ಗೋಲ್ಡನ್ ಚಾರಿಯಟ್ ಹಂಪಿ ತೋರಿಸೋಕೆ ಅಲ್ಲಿಗೆ ಬರುತ್ತದೆ. ಅದರ ಡಬ್ಬಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ನಮ್ಮ ರಾಜವಂಶಗಳ ಹೆಸರಿದೆ. ಓಡುವ ತಾರೀಖುಗಳನ್ನು ಮೊದಲೇ ಪ್ರಕಟಿಸುತ್ತಾರೆ, ನೋಡಿಕೊಂಡು ಹೋಗಿ.

ಪ್ಲಾಟ್‌ಫಾರಂ ಟಿಕೆಟ್ ತಗೊಂಡೇ ಒಳಗೆ ಹೋಗಿ. ಆಚೆ ಬದಿಯ ನಂಬರ್ ಓದೋಕೆ ಅಂತ ಹಳಿಗೆ ಇಳಿಯಬೇಡಿ, ಮೇಲ್ಸೇತುವೆ ಇದೆ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಹಳಿ ದಾಟಿದ್ದಕ್ಕೆ ಆರು ತಿಂಗಳ ತನಕ ಜೈಲು, 1,000 ರೂಪಾಯಿ ತನಕ ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ಈಗ ಜೋಡಿ ಲೈನು. ವಿದ್ಯುತ್ ಎಂಜಿನ್ನಿನ ಗಾಡಿ ಹಿಂದಿನಿಂದ ಬಂದರೆ ಸದ್ದೇ ಕೇಳಿಸುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್, ಪೆನ್ನು, ಈಗ ಕೈಯಲ್ಲಿರುವ ಮೊಬೈಲ್ ಸಾಕು. ಮೊದಲು ಮೂಲೆಯ ನಂಬರಿನ ಫೋಟೋ, ಆಮೇಲೆ ಗೋಡೆಯ ತಾರೀಖು, ಟೈಮ್ ಉಳಿದರೆ ಇಡೀ ಡಬ್ಬಿ. ಹಾಂ, ಕೊಪ್ಪಳ, ಗದಗ, ಹೊಸಪೇಟೆ ಕಡೆಯ ಹಳೇ ಫೋಟೋಗಳಲ್ಲಿ ನೀಲಿ ಬಣ್ಣದ, ಒಳಗೆ ಓಣಿ ಇರುವ ಜನರಲ್ ಡಬ್ಬಿ ಯಾರ ಹತ್ತಿರವಾದರೂ ಇದ್ದರೆ, ಮೂಲೆಯ ನಂಬರ್ ಓದೋಕೆ ಬರುತ್ತಾ ನೋಡಿ ಕಾಮೆಂಟಿನಲ್ಲಿ ಹಾಕಿ. ನಾನು ಇನ್ನೂ ಹುಡುಕುತ್ತಿದ್ದೇನೆ.